ಹೊಸ ಒಲೆಗೆ ಹುರಮಂಜು

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಇದು ಮಾನ್ವಿಯ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಅಪ್ಪನ ಅಕ್ಕಿ ಗಿರಣಿಯ ಹಮಾಲರಿಗೂ ಗೊತ್ತು. ಆ ಸಿಟ್ಟು ನನ್ನ ಐದು ತಿಂಗಳನ್ನು ಹೇಗೆ ನುಂಗಿತು ಎಂಬುದನ್ನು ಮಾತ್ರ ಮನೆಯಲ್ಲಿ ಇನ್ನೂ ಹೇಳಿಲ್ಲ.

ಆಗ ನಾನು ರಾಯಚೂರಿನ ಹೊರಗಿನ ಒಂದು ಪ್ರಯೋಗಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಇಂಗಾಲದ ನ್ಯಾನೊ ಕೊಳವೆಗಳನ್ನು ಬೆಳೆಸುವುದು ನನ್ನ ಕೆಲಸ. ಬರಿಗಣ್ಣಿಗೆ ಕಾಣದಷ್ಟು ಸಣ್ಣ, ಆದರೆ ಉಕ್ಕನ್ನು ನಾಚಿಸುವಷ್ಟು ಗಟ್ಟಿ. ಕೇಳಿದವರಿಗೆಲ್ಲ ನಾನು ಹೇಳುತ್ತಿದ್ದದ್ದು ಇಷ್ಟೇ: ಕುಲುಮೆಯೊಳಗೆ ಒಂದು ಉದ್ದನೆಯ ಕೊಳವೆ ಇರುತ್ತದೆ, ಅದರೊಳಗೆ ದೋಣಿಯಂಥ ಪುಟ್ಟ ಪಿಂಗಾಣಿ ತಟ್ಟೆ, ನಮ್ಮ ಬಾಯಲ್ಲಿ ಬೋಟು. ಬೋಟಿನ ಮೇಲೆ ಕಬ್ಬಿಣದ ಲೇಪ ಕೊಟ್ಟ ಸಿಲಿಕಾನ್ ಚೂರು. ಕುಲುಮೆ ಕೆಂಪಗೆ ಕಾದ ಮೇಲೆ ಇಂಗಾಲವಿರುವ ಅನಿಲ ಬಿಟ್ಟರೆ, ಅನಿಲ ಒಡೆದು ಇಂಗಾಲ ಕಬ್ಬಿಣದ ಕಣಗಳ ಮೇಲೆ ಕೂತು ಕೊಳವೆಯಾಗಿ ಏಳುತ್ತದೆ. ಕಣ ಸಣ್ಣದಿರಬೇಕು. ಕಾವಿಗೆ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾದರೆ ಕೊಳವೆಯೂ ಇಲ್ಲ ಏನೂ ಇಲ್ಲ, ಬರೀ ಮಸಿ.

ಹೊಸ ಕುಲುಮೆ ಬಂದು ಮೊದಲ ಸಲ ಹಚ್ಚಿದ ದಿನವೇ ಬೋಟಿನ ಮೇಲೆ, ಕೆಳಗೆ, ಅಂಚಿಗೆಲ್ಲ ಕಪ್ಪು ಹತ್ತಿಯಂಥದು ಬೆಳೆದಿತ್ತು. ಎಲ್ಲವನ್ನೂ ಕೆರೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವಿದ್ದ ಊರಿಗೆ ಕಳಿಸಿದೆ. ಚಿತ್ರ ಬಂತು. ಶಾವಿಗೆ ಹರವಿ ಒಣಹಾಕಿದ ಹಾಗೆ ಕೊಳವೆಗಳು. ನಾನು ನೆಲದ ಮೇಲೆ ನಡೆಯಲೇ ಇಲ್ಲ. ವಿಭಾಗದವರನ್ನೆಲ್ಲ ಕೂಡಿಸಿ ಚಿತ್ರ ತೋರಿಸಿ ಭಾಷಣವನ್ನೂ ಬಿಗಿದೆ.

ಆ ವಾರವೇ ಒಂದು ರಾದ್ಧಾಂತ ಮಾಡಿದ್ದೆ. ಕಸ ಗುಡಿಸಿ, ಪಾತ್ರೆ ತೊಳೆಯಲು ದೇವದುರ್ಗದ ಕಡೆಯ ಹೆಂಗಸೊಬ್ಬರು ಬರುತ್ತಿದ್ದರು. ಕುರಿ ಸಾಕುವ ಮನೆತನ, ನಮ್ಮವ್ವನ ವಯಸ್ಸು. ಧೂಳು ಒರೆಸುವಾಗ ನನ್ನ ಮೇಜಿನ ಮೇಲಿನ ಒಂದು ಬಾಟಲಿಯನ್ನು ಆಕಡೆಯಿಂದ ಈಕಡೆ ಇಟ್ಟಿದ್ದರು, ಅಷ್ಟೇ.

"ಇನ್ನೊಮ್ಮಿ ಈ ಮೇಜಿನ ಮ್ಯಾಲ ಕೈ ಇಟ್ರ ನಾಳೆಯಿಂದ ಬರಬ್ಯಾಡ. ತಿಳೀತಿಲ್ಲ?" ಎಂದಿದ್ದೆ. ವಯಸ್ಸಿಗೂ ಮರ್ಯಾದೆ ಕೊಡಲಿಲ್ಲ. ಅವರು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೋದರು. ಅವರು ತೊಳೆಯುತ್ತಿದ್ದ ಬೋಟನ್ನು ಅಂದಿನಿಂದ ನಾನೇ ಆಮ್ಲದಲ್ಲಿ ತೊಳೆಯತೊಡಗಿದೆ.

ಆಮೇಲೆ ಒಂದು ಕೊಳವೆಯೂ ಬೆಳೆಯಲಿಲ್ಲ. ಐದು ತಿಂಗಳು ಬರೀ ಮಸಿ. ಕಾವು ಹೆಚ್ಚಿಸಿದೆ, ಇಳಿಸಿದೆ. ಸಿಲಿಂಡರ್ ಬದಲಿಸಿದೆ. ಕರೆಂಟಿನವರನ್ನು ಬೈದೆ. ಒಂದು ದಿನ ನನ್ನ ಗೈಡು ಬಾಗಿಲು ಮುಚ್ಚಿ, ಬಹಳ ಮೆತ್ತಗೆ ಕೇಳಿದರು: "ಆ ಸ್ಯಾಂಪಲ್ ನೀವಾ ಬೆಳಸಿದ್ದು ಹೌದಲ್ರೀ?"

ಕಪಾಳಕ್ಕೆ ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಒಂದು ಸಲ ಬಂದದ್ದು ವಿಜ್ಞಾನದಲ್ಲಿ ಬಂದ ಹಾಗಲ್ಲ ಎಂದು ಅವರು ಹೇಳಿದ್ದು ಸರಿಯೇ. ಸೆಮಿಸ್ಟರ್ ಮುಗಿಯುವುದರೊಳಗೆ ಮೂರು ಸಲ ಮಾಡಿ ತೋರಿಸಬೇಕು, ಇಲ್ಲವಾದರೆ ಆ ಫಲಿತಾಂಶ ಹಿಂದಕ್ಕೆ ತೆಗೆದುಕೊಳ್ಳಬೇಕು. ಅದು ಹೋದರೆ ನನ್ನ ಪ್ರಬಂಧದಲ್ಲಿ ಉಳಿಯುವುದು ಮುನ್ನುಡಿ ಮಾತ್ರ. ಹೋಗಲಿ, ಇನ್ನೆರಡು ವರ್ಷ ದುಡಿದೇನು; ಎಲ್ಲಿಂದಲೋ ಚಿತ್ರ ತಂದು ತೋರಿಸಿದಳು ಅನ್ನಿಸಿಕೊಂಡು ಬದುಕುವುದು ಹೇಗೆ?

ಮೂರು ವಾರ ಉಳಿದಿದ್ದಾಗ ಕೈಚೆಲ್ಲಿದೆ. ಅಪ್ಪನಿಗೆ ಫೋನು ಮಾಡಿ, "ಯಪ್ಪಾ, ನಾ ಬಿಟ್ಟು ಬರಾಕತ್ತೀನಿ" ಅಂದೆ. ಹೊರಗೆ ನೆಲ ಒರೆಸುತ್ತಿದ್ದ ಆಕೆ ಕೇಳಿಸಿಕೊಂಡಿರಬೇಕು. ನಾನು ಫೋನಿಟ್ಟ ಮೇಲೆ ಬಾಗಿಲಲ್ಲಿ ನಿಂತರು, ಒಳಗೆ ಬರಲಿಲ್ಲ.

"ಮೇಡಂ, ಒಂದು ಮಾತು ಹೇಳ್ತೀನ್ರಿ. ಬೈಬ್ಯಾಡ್ರಿ."

"ಹೇಳು."

"ಒಲಿ ಮೊದಲ್ನೇ ಸಲ ಹಚ್ಚಿದ ದಿನ ನಾ ಒಂದು ತಪ್ಪು ಮಾಡೀನ್ರಿ. ಬೋಟು ತೊಳಿಯಾಕ ಕೊಟ್ಟಿದ್ರಲ್ಲ, ಅದರ ತಳಕ್ಕ ಹುರಮಂಜು ಹಚ್ಚಿದ್ದೆ. ನಮ್ಮ ಮನ್ಯಾಗ ಹೊಸ ಒಲಿ ಬೋಳ ಉರಸಂಗಿಲ್ರಿ. ಒಲಿ ಮುಟ್ಟಬ್ಯಾಡ ಅಂದಿದ್ರಿ, ಅದಕ್ಕ ಬೋಟಿಗೆ ಹಚ್ಚಿದೆ. ಅದರಿಂದನಾ ಕೆಟ್ಟದ ಕಾಣಸ್ತದ. ನನ್ನ ಪಾಪ ನಿಮಗ ಬಡದದ."

ಹುರಮಂಜು. ಹಬ್ಬ ಬಂದರೆ ನಮ್ಮವ್ವನೂ ಹೊಸ್ತಿಲಿಗೆ, ಒಲೆಗೆ ಬಳಿಯುವ ಕೆಂಪು ಮಣ್ಣು. ಆ ಕೆಂಪು ಯಾವುದರದು? ಕಬ್ಬಿಣದ್ದು. ತುಕ್ಕು ಬೆರೆತ ಜೇಡಿ ಅದು. ಕಬ್ಬಿಣದ ಕಣಗಳನ್ನು ಜೇಡಿ ಬಿಡಿಬಿಡಿಯಾಗಿ ಹಿಡಿದಿಟ್ಟುಕೊಂಡಿದೆ. ನನ್ನ ಲೇಪದಲ್ಲಿ ಅವು ಅಂಟಿಕೊಂಡು ಮುದ್ದೆಯಾಗುತ್ತಿದ್ದವು. ಕೊಳವೆ ಬೆಳೆದದ್ದು ನನ್ನ ಸಿಲಿಕಾನ್ ಚೂರಿನ ಮೇಲೆ ಅಲ್ಲವೇ ಅಲ್ಲ, ಬೋಟಿನ ಬುಡದಲ್ಲಿ. ಮೇಲಿದ್ದದ್ದು ಬರೀ ಮಸಿ; ನಾನು ಎರಡನ್ನೂ ಕೂಡಿಸಿ ಕೆರೆದಿದ್ದೆ. ಕುಲುಮೆಗೆ ಇಡುವಾಗ ಬೋಟಿನ ಬುಡವನ್ನು ಯಾವಳು ನೋಡಿದ್ದಳು?

"ಇಷ್ಟು ದಿನ ಯಾಕ ಹೇಳಲಿಲ್ಲ?"

"ನಾಳೆಯಿಂದ ಬರಬ್ಯಾಡ ಅಂತಿದ್ರಿ."

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ಅಜ್ಜಿ ಹೇಳುತ್ತಿದ್ದಳು. ನನಗೆ ಅಳು ಬಂತು, ನಾಚಿಕೆಯೂ ಆಯಿತು. ಮರುದಿನ ಬೆಳಗಿನ ಬಸ್ಸಿಗೆ ದೇವದುರ್ಗಕ್ಕೆ ಹೋಗಿ, ಆಕೆ ಹೇಳಿದ ಅಂಗಡಿಯಲ್ಲೇ ಹುರಮಂಜಿನ ಹೆಂಟೆ ತಂದೆ. ನೀರಿನಲ್ಲಿ ಕಲಸಿ ಬೆರಳಿನಿಂದ ಹಚ್ಚಿ ಕುಲುಮೆ ಹೊತ್ತಿಸಿದೆ. ಮೂರು ಸಲ ಮಾಡಿದೆ, ಮೂರು ಸಲವೂ ಬುಡದಲ್ಲಿ ಕಪ್ಪು ಹತ್ತಿ. ಈ ಸಲ ಅಂಚೆಗೆ ಕೊಡದೆ ಸ್ಯಾಂಪಲ್ಲನ್ನು ನಾನೇ ಹೊತ್ತುಕೊಂಡು ಹೋದೆ. ಮೂರರಲ್ಲೂ ಕೊಳವೆಗಳಿದ್ದವು. ಗೈಡು ಚಿತ್ರಗಳನ್ನು ನೋಡಿ, "ತಪ್ಪು ತಿಳಕೊಂಡಿದ್ದೆ, ಮನಸಿಗೆ ಹಚ್ಚಿಕೋಬ್ಯಾಡ್ರಿ" ಅಂದರು. ಆ ಜೇಡಿ ಹೇಗೆ, ಯಾರ ಕೈಯಿಂದ ಬೋಟಿಗೆ ಬಂತು ಎಂಬುದನ್ನು ಪ್ರಬಂಧದಲ್ಲಿ ಒಂದು ಪುಟ ಬರೆದೆ.

ಆ ಸಂತೋಷದಲ್ಲಿ ಓಡಿಬಂದು ಆಕೆಯ ಮುಂದೆ ಹೊಸ ಬೋಟು, ಹುರಮಂಜಿನ ಬಟ್ಟಲು ಎರಡನ್ನೂ ಹಿಡಿದೆ.

"ಯವ್ವಾ, ಈ ಸಲ ನಿಮ್ಮ ಕೈಲೆ ಹಚ್ರಿ."

ಆಕೆ ನಕ್ಕರು. ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ, ನಿಜವಾಗಿಯೂ ಸಂತೋಷಪಟ್ಟಿದ್ದರು. ಆದರೆ ಎರಡೂ ಕೈ ಬೆನ್ನ ಹಿಂದೆ ಹೋದವು.

"ಛಲೋ ಆತು ಬಿಡ್ರಿ. ನೀವಾ ಹಚ್ರಿ. ನಾ ಮುಟ್ಟಂಗಿಲ್ಲ."

ಎಷ್ಟು ಗೋಗರೆದರೂ ಕೈ ಮುಂದೆ ಬರಲಿಲ್ಲ. ಈಗಲೂ ದಿನಾ ಬರುತ್ತಾರೆ, ಊರಿನ ಸುದ್ದಿ ಹೇಳುತ್ತಾರೆ, ನನ್ನ ಡಬ್ಬಿಯ ರೊಟ್ಟಿ ತಿನ್ನುತ್ತಾರೆ. ಕೋಣೆಯೆಲ್ಲ ಒರೆಸುತ್ತಾರೆ. ನನ್ನ ಮೇಜಿನ ಮೇಲಿನ ಧೂಳು ಮಾತ್ರ ನಾನೇ ಒರೆಸಿಕೊಳ್ಳಬೇಕು.