ಮೊಮ್ಮಗಳ ಹೆಸರು ಬದಲಿಸಲು ಬಂದವರು

ನನ್ನ ಮೊಮ್ಮಗಳ ಹೆಸರು ಪರದೇಶದ ಪುಸ್ತಕದಲ್ಲಿ ಅಚ್ಚಾಯಿತೆಂದು ತಿಳಿದ ದಿನ ಹಳೇ ಹುಬ್ಬಳ್ಳಿಯ ನಮ್ಮ ಓಣಿಗೆಲ್ಲ ಫೇಡೆ ಹಂಚಿದೆ. ಹಿಂದೂಗಳ ಮನೆ, ಮುಸಲ್ಮಾನರ ಮನೆ ಯಾವುದನ್ನೂ ಬಿಡಲಿಲ್ಲ. ನಾನು ಓದಿದ್ದು ಕನ್ನಡ ಮೂರನೇ ಇಯತ್ತೆ. ಅವಳು ಬೆರಳಿಟ್ಟು ತೋರಿಸಿದ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನು ಓದಲಾಗದಿದ್ದರೂ ಸೆರಗಿನಿಂದ ಕೈ ಒರೆಸಿಕೊಂಡು ಮುಟ್ಟಿ ನೋಡಿದೆ.

ಅವಳು ಧಾರವಾಡದಲ್ಲಿ ರೋಗದ ಜಂತುಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಚಿಕ್ಕವಳಿದ್ದಾಗ ಕಾಲರಾ ಬಂದು ನಮ್ಮ ಓಣಿಯ ಅರ್ಧ ಮನೆಗಳಲ್ಲಿ ಒಲೆ ಹೊತ್ತಿರಲಿಲ್ಲ. ಅದನ್ನು ಅವಳು ಮರೆಯಲಿಲ್ಲ. ಎಂ.ಎಸ್ಸಿ. ಮುಗಿಸಿದ ಮೇಲೆ ಊರಿನ ಬಾವಿಗಳ ನೀರನ್ನು ಬಾಟಲಿಗಳಲ್ಲಿ ತುಂಬಿಕೊಂಡು ರೈಲು ಹತ್ತುತ್ತಿದ್ದಳು. ಅಮ್ಮಿನಬಾವಿಯವರೆಗೂ ಹೋಗಿ ಕೆರೆಯ ನೀರು ತಂದಳು. ರೋಗವಿಲ್ಲದ ತಿಂಗಳುಗಳಲ್ಲಿ ಆ ಜಂತು ಎಲ್ಲಿ ಅಡಗಿ ಕೂತಿರುತ್ತದೆ ಎಂದು ಹುಡುಕಿ ಒಂದು ಲೇಖನ ಬರೆದಳು, ಆಮೇಲೆ ಇನ್ನೆರಡು. ಹೊರದೇಶದ ವಿಜ್ಞಾನಿಯೊಬ್ಬರು ಅವನ್ನು ಓದಿ ತಮ್ಮ ಲೇಖನದ ಕೊನೆಗೆ ಇವಳ ಹೆಸರು ಹಾಕಿದ್ದರು. ಯಾರ ಕೆಲಸದ ಮೇಲೆ ನಿಂತು ಮುಂದಿನದನ್ನು ಬರೆದರೋ ಅವರ ಹೆಸರನ್ನು ಹೇಳಲೇಬೇಕಂತೆ. ಹಾಗೆ ಹೇಳಿಸಿಕೊಂಡಷ್ಟೂ ಆ ಕೆಲಸಕ್ಕೆ ಬೆಲೆಯಂತೆ. ಎಷ್ಟು ಮರ್ಯಾದೆಯ ಪದ್ಧತಿ ನೋಡಿ.

ಇನ್ನು ನಮ್ಮ ಪದ್ಧತಿಯನ್ನು ಹೇಳುತ್ತೇನೆ. ಹೇಳುವಾಗ ಈಗಲೂ ಮೈ ಉರಿಯುತ್ತದೆ. ಅದೇ ವರ್ಷ ಅವಳಿಗೆ ಧಾರವಾಡದ ಸಂಬಂಧ ಕೂಡಿಬಂತು. ಹುಡುಗ ಕಾಲೇಜಿನಲ್ಲಿ ಪಾಠ ಹೇಳುವವನು. ಮದುವೆಯಾದ ಮೇಲೂ ಕೆಲಸಕ್ಕೆ ಹೋಗಲಿ ಅಂದರು, ನಾವು ಹಿಗ್ಗಿದೆವು. ನಿಶ್ಚಯದ ದಿನ ಅವನ ತಾಯಿ, ಹುಡುಗಿಗೆ ಹೊಸ ಹೆಸರು ಆರಿಸಿಟ್ಟಿದ್ದೇವೆ ಎಂದರು. ನಮ್ಮ ಕಡೆ ಮದುವೆಯಾದವಳಿಗೆ ಅಡ್ಡಹೆಸರಷ್ಟೇ ಅಲ್ಲ, ಇಟ್ಟ ಹೆಸರೂ ಹೋಗುತ್ತದೆ. ಪರಾತವೆಂಬ ಅಗಲ ತಟ್ಟೆಯಲ್ಲಿ ಅಕ್ಕಿ ಹರವುತ್ತಾರೆ, ಮದುಮಗ ಉಂಗುರದ ಅಂಚಿನಿಂದ ಅದರಲ್ಲಿ ಹೊಸ ಹೆಸರು ಬರೆಯುತ್ತಾನೆ. ನನಗೂ ಬರೆದಿದ್ದರು. ನನ್ನ ತವರಿನ ಹೆಸರು ಹಿಡಿದು ಕರೆಯುತ್ತಿದ್ದವನು ಅಣ್ಣನೊಬ್ಬನೇ. ಅವನು ತೀರಿಕೊಂಡ ಮೇಲೆ ಆ ಹೆಸರನ್ನು ನಾನು ಕೇಳಿಲ್ಲ.

ಮೊಮ್ಮಗಳು ಆ ದಿನ ಊಟ ಬಿಟ್ಟಳು. ಯಾಕೆ ಎಂದು ಕೇಳಿದೆ.

"ನನ್ನ ಲೇಖನ ಎಲ್ಲಾ ಈ ಹೆಸರಿನ ಮ್ಯಾಲ ಅದಾವ, ಅಜ್ಜಿ. ಇದು ಹೋದ್ರ ಓದಾವರು ಏನ್ ತಿಳಕೊತಾರ? ಆ ಹುಡುಗಿ ಕೆಲಸ ಬಿಟ್ಲು, ಈಕಿ ಯಾರೋ ಹೊಸಾಕಿ ಬಂದ್ಲು ಅಂತ. ನಾ ಮತ್ತ ಮೊದಲಿಂದ ಸುರು ಮಾಡಬೇಕು."

ಅವಳ ಅಪ್ಪ, ಅಂದರೆ ನನ್ನ ಮಗ, ಹೆಸರೊಂದಕ್ಕಾಗಿ ಸಂಬಂಧ ಮುರಿದುಕೊಳ್ಳುವುದೇ ಎಂದು ಗೊಣಗಿದ. ಅವನ ಅಂಗಡಿಯ ಬೋರ್ಡಿನ ಮೇಲೆ ಬೇರೆಯವರ ಹೆಸರು ಬರೆಸಲೇನು ಎಂದು ಕೇಳಿದೆ. ಎದ್ದು ಹೊರಗೆ ಹೋದ.

ಮರುದಿನ ನಾನೇ ಬಸ್ಸು ಹತ್ತಿ ಧಾರವಾಡಕ್ಕೆ ಹೋದೆ. ಬೀಗಿತ್ತಿ ಮಣೆ ಹಾಕಿ, ಅವಲಕ್ಕಿ ಕೊಟ್ಟು, ಬಹಳ ನಯವಾಗಿ ಮಾತಾಡಿದರು. ಆ ನಯ ನೋಡಿಯೇ ನನ್ನ ಸಿಟ್ಟು ನೆತ್ತಿಗೇರಿತು.

"ಹೆಸರಿನ್ಯಾಗ ಏನೈತ್ರಿ, ಹುಡುಗಿ ಅಕಿನೇ ಅಲ್ಲೇನು?" ಅಂದರು.

"ಅಕಿನೇ ಅಂದ ಮ್ಯಾಲ ಹೆಸರೂ ಅದೇ ಇರ್ಲಿ ಬಿಡ್ರಿ. ನಿಮ್ಮ ಮಗಾ ಪಾಸಾದ ಸರ್ಟಿಫಿಕೇಟಿನ ಮ್ಯಾಲ ನಾ ಒಂದು ಛಲೋ ಹೆಸರು ಹುಡುಕಿ ಕೊಡ್ತೇನಿ, ಬರಸ್ತೀರೇನು?"

ಮನೆತನದ ಪದ್ಧತಿ, ದೇವರ ಮುಂದೆ ಆಗುವುದು, ತಪ್ಪಿಸುವಂತಿಲ್ಲ ಎಂದು ಅವರು ಒಂದೇ ಮಾತು ಹಿಡಿದರು. ಹುಡುಗ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಕಾಲೇಜಿನ ಹುಡುಗರ ಮುಂದೆ ತಾಸುಗಟ್ಟಲೆ ಮಾತಾಡುವ ನಾಲಿಗೆ ತಾಯಿಯ ಮುಂದೆ ಒಣಗಿತ್ತು. ನಾನು ಅವಲಕ್ಕಿ ಮುಟ್ಟದೆ ಎದ್ದು ಬಂದೆ.

ಹೆಸರಿನ ಮಾತು ಬಗೆಹರಿಯದಿದ್ದರೂ ಮಗ ಸಂಬಂಧ ಬಿಡಲಿಲ್ಲ, ಮದುವೆ ನಡೆಯಿತು. ಅಕ್ಕಿಯ ಪರಾತ ಬಂದಾಗ ನಾನು ಬೇಕೆಂದೇ ಎದುರಿಗೆ ಹೋಗಿ ಕೂತೆ. ಹುಡುಗ ಉಂಗುರ ಹಿಡಿದು ತಾಯಿ ಹೇಳಿಕೊಟ್ಟ ಹೆಸರಿನ ಮೊದಲ ಅಕ್ಷರ ಬರೆದ. ಮೊಮ್ಮಗಳು ತಲೆ ತಗ್ಗಿಸಿಕೊಂಡೇ ಕೈ ಚಾಚಿ ಆ ಅಕ್ಷರ ಅಳಿಸಿ, ಅಕ್ಕಿಯನ್ನು ಸಮ ಮಾಡಿದಳು. ಅವನು ತಾಯಿಯ ಮುಖ ನೋಡಿದ, ಆಮೇಲೆ ಇವಳ ಮುಖ ನೋಡಿದ.

"ಪುಸ್ತಕದಾಗ ಹೆಂಗ ಬರೀತಿ?" ಎಂದು ಮೆಲ್ಲಗೆ ಕೇಳಿದ.

ಅವಳು ಹೇಳಿದಳು, ಅವನು ಹಾಗೆಯೇ ಬರೆದ. ತವರಿನ ಅಡ್ಡಹೆಸರೂ ಸೇರಿ ಅದು ಉದ್ದವಾಗಿ, ಪರಾತದ ಅಂಚಿನಿಂದ ಅಕ್ಕಿ ನೆಲಕ್ಕೆ ಚೆಲ್ಲಿತು. ನಾನು ಅಷ್ಟು ದಿನ ಬೈದ ಹುಡುಗನ ಬಾಯಿಗೆ ಅಲ್ಲೇ ಹಿಡಿ ಸಕ್ಕರೆ ಹಾಕಿದೆ. ಕಣ್ಣೀರು ಸುರಿಯುತ್ತಿತ್ತು, ನಗುವೂ ಬರುತ್ತಿತ್ತು, ನನಗೇ ನಾಚಿಕೆಯಾಯಿತು.

ಆಮೇಲೆ ಬಂದ ಅವಳ ಲೇಖನಗಳೆಲ್ಲ ಆ ಹೆಸರಿನಲ್ಲೇ ಬಂದಿವೆ. ಬೀಗಿತ್ತಿ ಮಾತ್ರ ಇನ್ನೂ ಅಡುಗೆಮನೆಯಿಂದ ತಾವು ಆರಿಸಿದ ಹೆಸರನ್ನೇ ಕೂಗುತ್ತಾರೆ. ಜಗಳ ಬೇಡವೆಂದು ಮೊಮ್ಮಗಳು ಓಗೊಟ್ಟು ಎದ್ದು ಹೋಗುತ್ತಾಳೆ. ನಾನು ಅಲ್ಲಿದ್ದಾಗ ಕೂಗಿದರೆ ಅವಳ ಕೈ ಹಿಡಿದು ಕೂರಿಸುತ್ತೇನೆ. ಆ ಹೆಸರಿನವರು ಈ ಮನೆಯಲ್ಲಿ ಯಾರೂ ಇಲ್ಲ ಎಂದು ಅಡುಗೆಮನೆಗೆ ಕೇಳುವಂತೆ ಹೇಳುತ್ತೇನೆ.