ಜಯಮ್ಮ ಕೊಟ್ಟ ಪಿಕಪ್

ಎಂಬತ್ತರ ದಶಕದ ಮೊದಲ ವರ್ಷಗಳು. ಪಟ್ಟಂದೂರು ಅಗ್ರಹಾರದಲ್ಲಿ ನಾನೂ ನನ್ನ ಹೆಂಡತಿ ಶಾರದಳೂ ಸಣ್ಣದೊಂದು ನರ್ಸರಿ ನಡೆಸುತ್ತಿದ್ದೆವು. ಬಾಡಿಗೆ ಗಾಡಿ ಕಾದು ಕಾದು ಗುಲಾಬಿ ಗಿಡಗಳು ಬಾಡಿಹೋಗುತ್ತಿದ್ದವು. ಕೊನೆಗೆ ಇದ್ದಬದ್ದ ಉಳಿತಾಯವನ್ನೆಲ್ಲ ಸೇರಿಸಿ ಸೆಕೆಂಡ್ ಹ್ಯಾಂಡ್ ಪಿಕಪ್ ಕೊಳ್ಳಲು ಹೊರಟೆವು. ದಾರಿಯಲ್ಲಿ ಕೈಕೊಡಬಾರದು, ಡೀಸೆಲ್ ಜಾಸ್ತಿ ಕುಡಿಯಬಾರದು, ಅಷ್ಟೇ. ಆಯ್ಕೆ ತಪ್ಪಿದರೆ ಇನ್ನೊಂದು ಕೊಳ್ಳುವ ಶಕ್ತಿ ನಮಗಿರಲಿಲ್ಲ.

ಪೀಣ್ಯದಲ್ಲಿ ನೋಡಿದ ಗಾಡಿಗೆ ಹೊಸ ಬಣ್ಣವೇನೋ ಹೊಳೆಯುತ್ತಿತ್ತು. ಸ್ಟಾರ್ಟ್ ಮಾಡಿದರೆ ಹೊಗೆಯಲ್ಲಿ ಗಾಡಿಯೇ ಕಾಣಲಿಲ್ಲ! ಮರುದಿನ ಹೆಬ್ಬಗೋಡಿಗೆ ಹೋದೆವು. ಅಲ್ಲಿ ಮುನಿಸ್ವಾಮಪ್ಪ ಎಂಬ ಹಿರಿಯರು ಕಣ್ಣು ಮಂಜಾಯಿತೆಂದು ತಮ್ಮ ಪಿಕಪ್ ಮಾರುವವರಿದ್ದರು.

"ಲೀಟ್ರಿಗೆ ಅದಿನೈದು ಗ್ಯಾರಂಟಿ ಸಾರ್" ಎಂದರು.

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಜಯಮ್ಮ, "ಯಾಕ್ ಸುಳ್ ಯೋಳ್ತೀರಾ? ಲೋಡ್ ಆಕುದ್ರೆ ಅನ್ನೆರಡು ಬಂದ್ರೆ ಎಚ್ಚು" ಎಂದರು.

"ನೀನ್ ಸುಮ್ಕಿರೇ!"

ಜಯಮ್ಮ ಸುಮ್ಮನಿರಲಿಲ್ಲ. ಟ್ಯಾಂಕ್ ತುಂಬಿಸಿ, ಹಿಂದೆ ಇಟ್ಟಿಗೆ ಹೇರಿಕೊಂಡು ಪರೀಕ್ಷೆಗೆ ಹೊರಟಾಗ ಅವರೂ ಶಾರದಳ ಪಕ್ಕ ಹತ್ತಿ ಕೂತರು. ಮುನಿಸ್ವಾಮಪ್ಪನವರಿಗೆ ಹಿಂದೆ ಇಟ್ಟಿಗೆಯ ಮೇಲೆ ಜಾಗ. "ಚಳೀಲಿ ಬೆಳಿಗ್ಗೆ ಬೇಗ ಸ್ಟಾರ್ಟ್ ಆಗಲ್ಲ ಕಣಮ್ಮ. ಬಿಸ್ಲಲ್ಲಿ ಏರು ಅತ್ತುದ್ರೆ ಬಿಸಿ ಆಯ್ತದೆ, ನೀರು ಕುಡಿಸ್ಬೇಕು" ಎಂದು ಜಯಮ್ಮ ದಾರಿಯುದ್ದಕ್ಕೂ ಶಾರದಳಿಗೆ ಹೇಳುತ್ತಲೇ ಇದ್ದರು. ನನಗೆ ಆಸೆಯೇ ಇಳಿದುಹೋಯಿತು.

ಅತ್ತಿಬೆಲೆಯವರೆಗೆ ಹೋಗಿ ವಾಪಸ್ ಬರುವಾಗ ಬಸ್ಸೊಂದು ಕೆಟ್ಟು ನಿಂತಿತ್ತು. ಜನ ಬಿಸಿಲಲ್ಲಿ ಒಣಗುತ್ತಿದ್ದರು. "ನಿಲ್ಸಪ್ಪ, ಕೂಸುಗಳವೆ" ಎಂದರು ಜಯಮ್ಮ. ನಾನು ಬೇಡವೆನ್ನುವ ಮೊದಲೇ ಅವರು ಇಳಿದು ಎಲ್ಲರನ್ನೂ ಕರೆದಾಗಿತ್ತು. ಇಟ್ಟಿಗೆಯ ಮೇಲೆ ಹೆಂಗಸರು, ಮಕ್ಕಳು, ಒಂದು ಮೇಕೆ! ನನ್ನ ಮೈಲೇಜ್ ಲೆಕ್ಕ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಏರಿನಲ್ಲಿ ಉಸಿರು ಬಿಗಿಹಿಡಿದು ಗೇರ್ ಬದಲಿಸಿದೆ. ಗಾಡಿ ನರಳಿತು, ಆದರೆ ನಿಲ್ಲಲಿಲ್ಲ. ಮೇಲೆ ತಲುಪಿದಾಗ ಹಿಂದಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಒಮ್ಮೆ ನೀರು ಕುಡಿಸಿದೆವು. ಬಂಕಿನಲ್ಲಿ ಮತ್ತೆ ಟ್ಯಾಂಕ್ ತುಂಬಿಸಿ ನೋಡಿದರೆ ಲೀಟರಿಗೆ ಹನ್ನೆರಡಕ್ಕೆ ತುಸುವೇ ಕಡಿಮೆ. ಶಾರದ ನನ್ನ ಮುಖ ನೋಡಿ ತಲೆಯಾಡಿಸಿದಳು. ಅಲ್ಲಿಗೆ ತೀರ್ಮಾನವಾಯಿತು.

ಹೆಬ್ಬಗೋಡಿಗೆ ಮರಳಿ, ದುಡ್ಡು ಕೊಟ್ಟು ಹೊರಡುವ ಮುನ್ನ ಶಾರದ ಕೇಳಿದಳು: "ಅಲ್ಲ ಅಮ್ಮ, ಮಾರೋ ಗಾಡಿಯ ತಪ್ಪನ್ನೆಲ್ಲ ನೀವೇ ಹೇಳಿಬಿಟ್ರಲ್ಲ?"

ಜಯಮ್ಮ ಸೆರಗಿನಿಂದ ಬಾನೆಟ್ ಒರೆಸುತ್ತಾ ಹೇಳಿದರು: "ಗೊತ್ತಿಲ್ದೆ ತಕಂಡೋದ್ರೆ ನಾಳೆ ದಾರೀಲಿ ನಿಂತಾಗ ಇದುನ್ನ ಬೈತೀರ. ನಮ್ಮ ಅನ್ನಕ್ಕೆ ದುಡಿದ ಗಾಡಿ ಕಣವ್ವ. ಯಾರೂ ಬೈಬಾರ್ದು."

ಮುನಿಸ್ವಾಮಪ್ಪ ಕಾಣಲಿಲ್ಲ. "ಒಳಗವ್ರೆ, ಗಾಡಿ ಓಗೋದ್ ನೋಡಾಕೆ ಬರಾಕಿಲ್ಲ. ನೀವು ಒರಡಿ" ಎಂದರು ಜಯಮ್ಮ.

ಆ ಪಿಕಪ್ ನಮ್ಮಲ್ಲಿ ಬಹಳ ವರ್ಷ ದುಡಿಯಿತು. ಚಳಿಗಾಲದ ಎಷ್ಟೋ ಬೆಳಿಗ್ಗೆ ಸ್ಟಾರ್ಟ್ ಆಗದೆ ಸತಾಯಿಸಿತು. ಆಗೆಲ್ಲ ಶಾರದ ಹಿಂದಿನಿಂದ ತಳ್ಳುತ್ತಾ, "ಬೈಬೇಡ್ರೀ, ಪಾಪ" ಎನ್ನುತ್ತಿದ್ದಳು. ನನಗೂ ಬೈಯಲು ಬಾಯಿ ಬರುತ್ತಿರಲಿಲ್ಲ.