ತೊಳೆದಿಟ್ಟ ಹಲಗೆ

ನಮ್ಮ ಗೈಡ್ ಮೇಡಂ ನಿವೃತ್ತರಾಗುವ ವರ್ಷ, ಒಳ್ಳೆಯ ಸಂಶೋಧನಾ ಮಾರ್ಗದರ್ಶಕರಿಗೆ ಕೊಡುವ ಪ್ರಶಸ್ತಿಗೆ ಅವರ ಹೆಸರು ಸೂಚಿಸಿ ಪತ್ರ ಬರೆಯುವ ಕೆಲಸ ನನ್ನ ತಲೆಗೆ ಬಂತು. ಅವರಿಗೆ ಅದು ಕೊನೆಯ ಅವಕಾಶ. ಸಿಗಲೇಬೇಕೆಂಬ ಹಟ ನನಗೆ. ಅರ್ಜಿಯೋ, ಪ್ರಬಂಧಗಳೆಷ್ಟು, ಶಿಷ್ಯರಲ್ಲಿ ವಿದೇಶಕ್ಕೆ ಹೋದವರೆಷ್ಟು ಎಂದು ಕೇಳುತ್ತಿತ್ತು. ಮದುವೆ ಬ್ರೋಕರ್ ಕೂಡ ಇದಕ್ಕಿಂತ ಚೆನ್ನಾಗಿ ವಿಚಾರಿಸುತ್ತಾನೆ. ಅದನ್ನೆಲ್ಲ ಎರಡು ಸಾಲಿನಲ್ಲಿ ಮುಗಿಸಿ ಕೋಳಿ ಅಂಗಡಿಯ ಕಥೆ ಬರೆದೆ.

ಅದು ನಡೆದಾಗ ನಾನು ಪಿಎಚ್‌ಡಿಯ ಎರಡನೇ ವರ್ಷದಲ್ಲಿದ್ದೆ. ಪ್ರತಿ ಮಂಗಳವಾರ ಬೆಳಿಗ್ಗೆ ಬೈಯಪ್ಪನಹಳ್ಳಿಯ ಬಾಡಿಗೆ ಕೋಣೆಯಿಂದ ಐಸ್ ಡಬ್ಬಿ ಹಿಡಿದು ಶಿವಾಜಿನಗರಕ್ಕೆ ಹೋಗಿ, ಒಂದು ಕೋಳಿ ಅಂಗಡಿಯ ಕತ್ತರಿಸುವ ಹಲಗೆಯನ್ನು ಹತ್ತಿಯಲ್ಲಿ ಒರೆಸಿ ತರಬೇಕು. ಅದರಲ್ಲಿ ಔಷಧಿಗೂ ಬಗ್ಗದ ಬ್ಯಾಕ್ಟೀರಿಯಾ ಎಷ್ಟಿವೆ ನೋಡಬೇಕು. ಮೂರು ತಿಂಗಳು ತಂದೆ, ಲ್ಯಾಬಿನಲ್ಲಿ ಒಂದೂ ಬೆಳೆಯಲಿಲ್ಲ. ನನಗೆ ಹಿಗ್ಗೋ ಹಿಗ್ಗು. ಆ ಹಲಗೆಯ ಮರದಲ್ಲೇ ಏನೋ ಗುಣವಿದೆ ಎಂದು ಬರೆದು, ಮೇಡಂಗೆ ತೋರಿಸಿ, ಸಮ್ಮೇಳನಕ್ಕೆ ಕಳಿಸಿಯೂ ಬಿಟ್ಟೆ. ಭಾಷಣಕ್ಕೆ ಒಪ್ಪಿಗೆ ಬಂತು. ನನ್ನ ಮೊದಲ ಭಾಷಣ. ಹೊಸ ಷರ್ಟು ಹೊಲಿಸಿದೆ.

ಇನ್ನು ಎರಡು ವಾರವಿದೆ ಎನ್ನುವಾಗ ಮೇಡಂ, "ಈ ಮಂಗಳವಾರ ನಾನೂ ಬರ್ತೀನಿ" ಎಂದರು.

ನಮ್ಮನ್ನು ಕಂಡದ್ದೇ ಅಂಗಡಿಯವರು ಹಲಗೆಯನ್ನು ಮುಂದಕ್ಕೆ ತಳ್ಳಿದರು. ಅದರಿಂದ ಹಬೆ ಏಳುತ್ತಿತ್ತು. ಆ ಹಬೆಯನ್ನು ನಾನೂ ಎಷ್ಟೋ ಸಲ ನೋಡಿದ್ದೆ, ಬೆಳಗಿನ ಚಳಿಗೆ ಇರಬೇಕು ಅಂದುಕೊಂಡಿದ್ದೆ.

"ದಿನಾ ಹೀಗೇನಾ ಭಾಯ್?" ಎಂದು ಮೇಡಂ ಕೇಳಿದರು.

"ದಿನಾ ಎಲ್ಲಿ ಮೇಡಂ. ಇವತ್ತು ಸಾರ್ ಬರೋ ದಿನ ಅಲ್ವಾ, ಕುದಿಯೋ ನೀರು ಹಾಕಿ ಉಜ್ಜಿಟ್ಟಿದೀನಿ. ಓದೋರು ಅಷ್ಟು ದೂರದಿಂದ ಬರ್ತಾರೆ, ಅವ್ರ ಕೈಗೆ ಗಲೀಜು ಹೇಗೆ ಕೊಡೋದು?"

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಮೇಡಂ ಬೈಯಲಿಲ್ಲ. ಅಂಗಡಿಯವರು ಕೊಟ್ಟ ಹಾಲಿಲ್ಲದ ಸುಲೇಮಾನಿ ಚಹಾ ಕುಡಿದು, ಬಸ್ ಸ್ಟ್ಯಾಂಡಿನಲ್ಲಿ ಕೂತು, ಭಾಷಣ ಹಿಂತೆಗೆದುಕೊಳ್ಳುವ ಪತ್ರವನ್ನು ಮೊಬೈಲಿನಲ್ಲೇ ಬರೆದರು. ಕೆಳಗೆ ತಮ್ಮ ಹೆಸರು ಮೊದಲು, ನನ್ನದು ಆಮೇಲೆ.

"ಮುಂದಿನ ವಾರ ಬೇರೆ ದಿನ ಹೋಗು, ಹೇಳ್ಬೇಡ. ಆಮೇಲೆ ಅವ್ರಿಗೆ ಎಲ್ಲಾ ಬಿಡಿಸಿ ಹೇಳು, ಪಾಪ" ಎಂದರು. ನಾನು ವಾಪಸಾಗುವ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿಕೊಂಡು ಅತ್ತೆ. ಬೈದಿದ್ದರೆ ಅಳುತ್ತಿರಲಿಲ್ಲ.

ಪ್ರಶಸ್ತಿ ಬೇರೆಯವರ ಪಾಲಾಯಿತು. ಸುದ್ದಿ ಹೇಳಲು ಇಂದಿರಾನಗರದಲ್ಲಿದ್ದ ಮೇಡಂ ಮನೆಗೆ ಹೋದೆ. ಅವರು, "ಏನ್ ಬರ್ದಿದ್ದೆ, ಕೊಡು ನೋಡೋಣ" ಎಂದು ಪತ್ರ ಇಸಿದುಕೊಂಡು ಕನ್ನಡಕ ಹಾಕಿಕೊಂಡರು. ಅರ್ಧ ಓದಿ ಪೆನ್ನು ಹುಡುಕಿದರು. 'ನನ್ನ ತಪ್ಪನ್ನು ಅವರು ಕ್ಷಮಿಸಿದರು' ಎಂದು ಬರೆದಿದ್ದ ಸಾಲಿಗೆ ಗೀಟು ಎಳೆದರು.

"ಇದು ಸುಳ್ಳು. ಹೇಳ್ದೆ ಕೇಳ್ದೆ ಹೋಗ್ಬೇಕು ಅಂತ ಮೊದಲ್ನೇ ದಿನಾನೇ ನಿಂಗೆ ಹೇಳ್ಕೊಡ್ಬೇಕಾಗಿದ್ದು ನಾನು. ತಪ್ಪು ನಂದು. ಸರಿ ಮಾಡು."

ಆ ಪತ್ರವನ್ನು ಇನ್ನು ಯಾರಿಗೂ ಕಳಿಸುವುದಿರಲಿಲ್ಲ. ಆದರೂ ಅವರ ಊಟದ ಮೇಜಿನ ಮುಂದೆ ಕೂತು ಆ ಸಾಲನ್ನು ತಿದ್ದಿ ಬರೆದೆ.